ಪ್ಲಾಸ್ಟರ್ ಚರ್ಮಕ್ಕೆ ಬಿದ್ದ ಗಾಯ

ಮನುಷ್ಯನ ಚರ್ಮದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಕಲಿಸಿದವರು ಏಳನೇ ತರಗತಿಗೇ ಶಾಲೆಗೆ ಕೈಮುಗಿದ ಒಬ್ಬ ಅಟೆಂಡರ್. ಉಳಿದ ಕಾಲು ಪಾಲು ಕಲಿಸಿದವರು ನಮ್ಮ ಪ್ರಿನ್ಸಿಪಾಲರು. ಆ ಕಾಲು ಪಾಲನ್ನು ಆಮೇಲೆ ವಾರ್ಡಿನಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ಕಷ್ಟಪಟ್ಟು ಮರೆಯಬೇಕಾಯಿತು.

ಮೂವತ್ತು ವರ್ಷದ ಹಿಂದಿನ ಮಾತು. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಸೈಕಲ್ ಸ್ಟ್ಯಾಂಡಿಗೂ ನಡುವೆ, ನಮ್ಮ ನರ್ಸಿಂಗ್ ಶಾಲೆಯ ಮಾಡೆಲ್ ರೂಮು ಇತ್ತು. ಉದ್ದನೆಯ ಕೋಣೆ, ಕೈಗೆ ಎಟುಕದ ಎತ್ತರದಲ್ಲಿ ಕಿಟಕಿಗಳು. ಫಿನಾಯಿಲು, ಟರ್ಪೆಂಟೈನು, ಹಳೇ ಕಾಗದ ಮೂರೂ ಸೇರಿದ ಒಂದು ವಾಸನೆ. ಈಗಲೂ ಯಾರ ಮನೆಯಲ್ಲಾದರೂ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದರೆ ನನಗೆ ನಾಳೆ ಪರೀಕ್ಷೆ ಇದೆ ಅನ್ನಿಸುತ್ತದೆ. ಆ ಕೋಣೆಯ ಒಂದು ಮೂಲೆಯಲ್ಲಿ ಎಡಗೈ ಕಿರುಬೆರಳು ಕಳೆದುಕೊಂಡ ಅಸ್ಥಿಪಂಜರ, ಇನ್ನೊಂದು ಮೂಲೆಯಲ್ಲಿ ಮುಚ್ಚಳ ಕಳೆದುಕೊಂಡ ಹೃದಯ, ನಡುವೆ ಮೇಜಿನ ಮೇಲೆ ರಾಜಠೀವಿಯಿಂದ ಕೂತ ಚರ್ಮ.

ಅಂಗಿ ಗುಂಡಿಯಷ್ಟು ಚರ್ಮವನ್ನು ಎಪ್ಪತ್ತು ಪಟ್ಟು ಹಿಗ್ಗಿಸಿ, ಟ್ರಂಕಿನ ಆಕಾರಕ್ಕೆ ಕತ್ತರಿಸಿ ಇಟ್ಟರೆ ಹೇಗೋ ಹಾಗಿತ್ತು ಆ ಪ್ಲಾಸ್ಟರ್ ಮಾಡೆಲು. ಮೇಲೆ ಬೆರಳು ದಪ್ಪದ ಹೊರಪದರ. ಅದರ ಕೆಳಗೆ ಗೇಣುದ್ದದ ಒಳಪದರ. ಇನ್ನೂ ಕೆಳಗೆ ಹಳದಿ ಮೇಣದ ಉಂಡೆಗಳು, ಅಂದರೆ ಕೊಬ್ಬು. ರಕ್ತನಾಳಗಳು ಕೆಂಪು, ನೀಲಿ ಕರೆಂಟು ವೈರು. ಬೆವರಿನ ಗ್ರಂಥಿಗಳು ಸುರುಳಿ ಸುತ್ತಿದ ಉಲ್ಲನ್ ದಾರ. ಮುಟ್ಟಿದ್ದನ್ನು ತಿಳಿಸುವ ನರಗಳ ತುದಿಗೆ ಒಂದೊಂದು ಗುಂಡಿ. ಕೂದಲು ಮಾತ್ರ ಅಪ್ಪಟ ಛತ್ರಿ ಕಡ್ಡಿ. ರೋಗಿಗಳ ಕಡೆಯವರು ಆಸ್ಪತ್ರೆಯಲ್ಲಿ ಮರೆತುಹೋದ ಛತ್ರಿಗಳನ್ನು ಒಂದು ವರ್ಷ ಕಾದು, ಯಾರೂ ಕೇಳಿಕೊಂಡು ಬಾರದಿದ್ದರೆ ಬಿಚ್ಚಿ, ಕಡ್ಡಿಗಳಿಗೆ ಕಪ್ಪು ಬಣ್ಣ ಬಳಿದು ನೆಟ್ಟಿದ್ದರು.

ನೆಟ್ಟವರು ಆ ಅಟೆಂಡರ್. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಚರ್ಮದಣ್ಣ ಎಂದು. ಆಗಲೇ ಐವತ್ತರ ಆಸುಪಾಸು. ತೆಳ್ಳನೆಯ ಆಳು, ಕಿವಿಯ ಹಿಂದೆ ಸದಾ ಒಂದು ಬ್ರಷ್ಷು. ಪ್ರಿನ್ಸಿಪಾಲರ ಪಾಠ ಮುಗಿದ ಮೇಲೆ, ಮಾಡೆಲ್ ಒರೆಸುವ ನೆಪದಲ್ಲಿ, ಅಸಲಿ ಪಾಠ ಶುರುವಾಗುತ್ತಿತ್ತು.

"ಮೇಲೆ ಕಾಣೋದೆಲ್ಲ ಸತ್ತಿರೋದು ಕಣ್ರಮ್ಮ. ಮನೆ ಮೇಲಿನ ಹೆಂಚು ಇದ್ದ ಹಾಗೆ. ದಿನಾ ಕನ್ನಡಿ ಮುಂದೆ ಅರ್ಧ ಗಂಟೆ ನಿಂತು ಪೌಡರ್ ಹಚ್ತೀರಲ್ಲ, ಹೆಣಕ್ಕೆ ಹಚ್ತಿದ್ದೀರ!"

"ಥೂ, ಏನಣ್ಣ ಬೆಳಗ್ಗೆ ಬೆಳಗ್ಗೆ!"

"ನಿಜ ಹೇಳಿದ್ರೆ ಥೂ ಅಂತೀರ. ಕೆಳಗೆ ಹೊಸದು ಹುಟ್ಟುತ್ತೆ, ಮೇಲಕ್ಕೆ ಬರ್ತಾ ಬರ್ತಾ ಒಣಗಿ ಸಾಯುತ್ತೆ, ಉದುರುತ್ತೆ. ತಿಂಗಳು ತಿಂಗಳಿಗೆ ಹೊಸ ಸೂರು. ಹಾಸ್ಟೆಲ್‌ನಲ್ಲಿ ಕಸ ಗುಡಿಸ್ತೀರಲ್ಲ, ಅದರಲ್ಲಿ ಒಂದಿಷ್ಟು ನೀವೇ ಇರ್ತೀರ. ಈ ಸೂರಿಗೆ ರಕ್ತದ ವೈರಿಂಗ್ ಇಲ್ಲ. ಗೀರಿದ್ರೆ ರಕ್ತ ಬರಲಿಲ್ಲ ಅಂದ್ರೆ ಸೂರಿಗೆ ಮಾತ್ರ ಪೆಟ್ಟು. ರಕ್ತ ಬಂತೋ, ಕೆಳಗಿನ ಅಂತಸ್ತಿಗೆ ಇಳಿದಿದೆ ಅಂತ ತಿಳ್ಕೊಳ್ಳಿ."

ಮಾಡೆಲಿನ ಹೊರಪದರದ ಬಣ್ಣವೂ ಕೈ ತಾಗಿ ತಾಗಿ ಹೊಟ್ಟಿನಂತೆ ಏಳುತ್ತಿತ್ತು. ಪ್ರತಿ ಬೇಸಿಗೆ ರಜೆಯಲ್ಲಿ ಅವರು ಅದನ್ನು ಕೆರೆದು ಹೊಸ ಬಣ್ಣ ಬಳಿಯುತ್ತಿದ್ದರು. "ನಿಮ್ಮದು ತಿಂಗಳಿಗೊಮ್ಮೆ ತಾನಾಗೇ ಬದಲಾಗುತ್ತೆ. ಇದು ಪಾಪ, ವರ್ಷಕ್ಕೊಮ್ಮೆ ನನ್ನ ದಾರಿ ಕಾಯುತ್ತೆ" ಎನ್ನುವರು.

ಇನ್ನು ಅದನ್ನು ಬೀಳಿಸಿದ ಮಹಾನುಭಾವರ ವಿಷಯ. ಅದು ನಾನೇ.

ನನಗೆ ಆಗ ಇಪ್ಪತ್ತು ವರ್ಷ; ಓದಿನಲ್ಲಿ ಅಷ್ಟಕ್ಕಷ್ಟೆ. ಆದರೆ ಅಣಕು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲವೆಂಬ ಹಮ್ಮು ಇತ್ತು. ನಮ್ಮ ಪ್ರಿನ್ಸಿಪಾಲರೋ, ಅಣಕಿಸುವವರಿಗೆಂದೇ ಹುಟ್ಟಿದಂತಿದ್ದರು. ಎಡಗಿವಿಯ ಮೇಲೆ ಉಳಿದಿದ್ದ ಕೂದಲನ್ನು ಉದ್ದಕ್ಕೆ ಬೆಳೆಸಿ, ನುಣ್ಣನೆಯ ತಲೆಯ ಮೇಲೆ ಹಾಯಿಸಿ, ಬಲಗಿವಿಯ ಹತ್ತಿರ ಎಣ್ಣೆ ಹಚ್ಚಿ ಅಂಟಿಸುತ್ತಿದ್ದರು. ಪ್ರತಿ ವಾಕ್ಯದ ಮೊದಲು "ಗಮನಿಸಿ!" ಎಂದು ಕೋಲಿನಿಂದ ನೆಲ ಕುಟ್ಟುವರು. ಗಮನಿಸಿದರೆ ಏನೂ ಇರುತ್ತಿರಲಿಲ್ಲ.

ವಾರ್ಷಿಕ ಪರೀಕ್ಷೆಗೆ ಹನ್ನೆರಡು ದಿನ ಇತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾಲ್ಕೈದು ಹುಡುಗಿಯರು ಮಾಡೆಲ್ ರೂಮಿನಲ್ಲಿ ಓದಲು ಕೂತಿದ್ದೆವು. ನನ್ನ ರೂಮ್‌ಮೇಟ್, "ಏ, ಒಂದು ಸಲ ಸಾರ್ ಬರಲಿ ಕಣೇ, ನಿದ್ದೆ ಬರ್ತಿದೆ" ಎಂದಳು. ಕೇಳಬೇಕೆ? ಜಡೆ ಬಿಚ್ಚಿ ಎಡದಿಂದ ಬಲಕ್ಕೆ ಹಾಯಿಸಿಕೊಂಡೆ. ಕೋಲು ಹಿಡಿದು ಸ್ಟೂಲ್ ಹತ್ತಿದೆ.

"ಗಮನಿಸಿ! ಚರ್ಮ ಎಂದರೇನು? ಚರ್ಮ ಎಂದರೆ ನಾನು! ನನ್ನೊಳಗೆ ಇರುವವರೇ ನೀವೆಲ್ಲ!"

ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ತಲೆಗೇರಿತು. ಇನ್ನೊಂದು "ಗಮನಿಸಿ"ಗೆ ಕೋಲು ಬೀಸಿದೆ, ಸ್ಟೂಲು ವಾಲಿತು. ಹಿಡಿದುಕೊಳ್ಳಲು ಸಿಕ್ಕಿದ್ದು ಒಂದು ಕೂದಲು. ನಾನು, ಕೂದಲು, ಅದರ ಹಿಂದೆ ಇಡೀ ಚರ್ಮ, ಮೂವರೂ ಕೆಳಗೆ ಬಂದೆವು.

ಮಾಡೆಲು ಎರಡು ಹೋಳಾಗಲಿಲ್ಲ, ಒಳಗಿನ ವೈರುಗಳು ಹಿಡಿದುಕೊಂಡಿದ್ದವು. ಆದರೆ ಮೇಲಿಂದ ಕೊಬ್ಬಿನವರೆಗೆ ಎರಡು ಬೆರಳು ತೂರುವಷ್ಟು ಅಗಲದ ಬಿರುಕು ಬಾಯಿ ಬಿಟ್ಟಿತ್ತು. ಬಿರುಕಿನ ದಾರಿಯಲ್ಲಿದ್ದ ಆರು ಕೂದಲು ಬೇರುಸಮೇತ ಕಿತ್ತು ಬಂದಿದ್ದವು.

ಚರ್ಮದಣ್ಣ ಓಡಿಬಂದರು. ನನ್ನ ಬಿಚ್ಚಿದ ಜಡೆ, ಕೈಯಲ್ಲಿದ್ದ ಕೋಲು, ಉರುಳಿದ ಸ್ಟೂಲು ಎಲ್ಲ ಒಂದು ಸಲ ನೋಡಿದರು. ಹೆಗಲ ಮೇಲಿನ ಬಟ್ಟೆಯನ್ನು ನೆಲಕ್ಕೆ ಹಾಸಿ, ಉದುರಿದ ಚೂರುಗಳನ್ನು ಒಂದೊಂದಾಗಿ ಆರಿಸಿ ಅದರಲ್ಲಿ ಇಡತೊಡಗಿದರು. ಅಷ್ಟರಲ್ಲಿ ಸದ್ದು ಕೇಳಿ ಪ್ರಿನ್ಸಿಪಾಲರೂ ಬಂದರು.

"ಯಾರಿದು? ಯಾರು ಮಾಡಿದ್ದು?"

"ಒರೆಸೋವಾಗ ಕೈ ಜಾರಿತು ಸಾರ್" ಎಂದರು ಚರ್ಮದಣ್ಣ, ತಲೆ ಎತ್ತದೆ.

"ಜಾರೋದಕ್ಕೆ ಅದೇನು ಸೋಪೇನ್ರೀ? ಗಮನಿಸಿ! ಹನ್ನೆರಡು ದಿನಕ್ಕೆ ಹೊರಗಿನ ಪರೀಕ್ಷಕರು ಬರ್ತಾರೆ. ಅಷ್ಟರಲ್ಲಿ ಇದು ಹೊಸದರ ಹಾಗೆ ಆಗಬೇಕು. ಆಗಲಿಲ್ಲವೋ, ಇದು ಗುಜರಿಗೆ, ನೀವು ಗೇಟಿಗೆ."

ಗೇಟೆಂದರೆ ಆಸ್ಪತ್ರೆಯ ಮುಂಬಾಗಿಲಲ್ಲಿ ಕೂತು ರೋಗಿಗಳನ್ನು ನೋಡಲು ಬಂದವರ ಚೀಟಿ ಹರಿಯುವ ಕೆಲಸ. ಚರ್ಮದಣ್ಣನಿಗೆ ನಿವೃತ್ತಿಗೆ ಇನ್ನೂ ಎಂಟು ವರ್ಷ ಇತ್ತು. ಎಂಟು ವರ್ಷ ಚೀಟಿ ಹರಿಯುವುದು! ನನ್ನ ರೂಮ್‌ಮೇಟ್ ನನ್ನ ಬೆನ್ನಿಗೆ ಚಿವುಟಿದಳು, "ಹೇಳೇ" ಎಂದು. ಪ್ರಿನ್ಸಿಪಾಲರ ಹಾಗೆ ಗಂಟೆಗಟ್ಟಲೆ ಮಾತಾಡಬಲ್ಲ ನನ್ನ ನಾಲಿಗೆಗೆ ಆ ಒಂದು ವಾಕ್ಯ ಸಿಗಲಿಲ್ಲ.

ಅವರು ಹೋದ ಮೇಲೆ ಚರ್ಮದಣ್ಣ ನನ್ನತ್ತ ತಿರುಗಿದರು. "ನಿನ್ನ ಹೆಸರು ಹೇಳಿದ್ರೆ ನಿನ್ನ ಪರೀಕ್ಷೆಗೇ ಕೂರಿಸ್ತಿರಲಿಲ್ಲ ಮಹರಾಯ್ತಿ. ನಾಳೆಯಿಂದ ಕ್ಲಾಸ್ ಬಿಟ್ಟ ಮೇಲೆ ಬಾ. ಕೋಲು ಹಿಡಿಯೋ ಕೈ ಬ್ರಷ್ ಹಿಡಿಯುತ್ತೋ ನೋಡೋಣ."

ಹೀಗೆ ನನ್ನ ಶಿಕ್ಷೆ ಶುರುವಾಯಿತು. ನನ್ನ ಜೀವನದ ಅತ್ಯುತ್ತಮ ಹನ್ನೊಂದು ಸಂಜೆಗಳು ಅವು ಎಂದು ಆಗ ಗೊತ್ತಾಗಿದ್ದರೆ ಇನ್ನೂ ಏನಾದರೂ ಬೀಳಿಸುತ್ತಿದ್ದೆ.

ಮೊದಲ ಸಂಜೆ ಬರೀ ಬ್ರಷ್ಷು. ಬಿರುಕಿನೊಳಗಿನ ಪುಡಿ, ಸಡಿಲ ಚೂರು, ಧೂಳು ಹೊರಕ್ಕೆ.

"ಗೋಂದು ಹಾಕಿ ಅಂಟಿಸಿಬಿಡೋಣ ಅಣ್ಣ, ಮೇಲೆ ಬಣ್ಣ ಬಳಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಹಾಗೇ ವಾರ್ಡ್‌ನಲ್ಲೂ ಮಾಡ್ತೀಯಾ? ಒಳಗೆ ಕಸ ಬಿಟ್ಟು ಮೇಲೆ ಮುಚ್ಚಿದ್ರೆ ಒಳಗೇ ಕೊಳೆಯುತ್ತೆ. ಆಳದ ಗಾಯ ತಳದಿಂದ ಮೇಲಕ್ಕೆ ತುಂಬ್ಕೋಬೇಕು."

ಅಂದೇ ಅವರು ಅಂಗಿಯ ತೋಳು ಮಡಚಿ ತಮ್ಮ ಬಲಗೈ ತೋರಿಸಿದ್ದು. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಬಿಳಿಚಿದ ಪಟ್ಟಿ. ಸುತ್ತ ಎಲ್ಲ ಕಡೆ ರೋಮ, ಪಟ್ಟಿಯ ಮೇಲೆ ಒಂದೂ ಇಲ್ಲ.

ಅವರು ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದವರು. ಒಂದು ಪಾತ್ರೆ ಅಂಗಡಿಯ ಹೆಸರನ್ನು ಅರ್ಧ ಬರೆದಾಗ ಏಣಿ ಜಾರಿ, ಕೆಳಗಿನ ಗಾಜಿನ ಮೇಲೆ ಬಿದ್ದರು. ಇಪ್ಪತ್ತೊಂದು ದಿನ ಇದೇ ಆಸ್ಪತ್ರೆಯಲ್ಲಿ ಇದ್ದರು. ಮಾಡಲು ಕೆಲಸವಿಲ್ಲ, ಕೂತಲ್ಲಿ ಕೂರುವ ಜಾಯಮಾನವೂ ಅಲ್ಲ. ಪ್ರತಿದಿನ ಡ್ರೆಸ್ಸಿಂಗ್ ಬಿಚ್ಚಿದಾಗ ಗಾಯ ಹೇಗಿದೆಯೋ ಹಾಗೆ, ಎಡಗೈಯಲ್ಲಿ, ಔಷಧಿ ಚೀಟಿಗಳ ಹಿಂಬದಿಯಲ್ಲಿ ಚಿತ್ರ ಬರೆದರು.

"ಮೊದಲ ದಿನ ರಕ್ತ ಹೆಪ್ಪುಗಟ್ಟಿ ಜೇಡರ ಬಲೆ ಹಾಗೆ ಹಿಡ್ಕೊಂಡಿತ್ತು. ಎರಡು, ಮೂರನೇ ದಿನ ನೋಡಿದ್ರೆ ಸುತ್ತ ಕೆಂಪಗೆ ಊದ್ಕೊಂಡು ಕಾದ ಹೆಂಚಾಗಿದೆ. ಕೈ ಹೋಯ್ತು ಅಂತ ಗೋಳೋ ಅಂತ ಅತ್ತೆ. ದೊಡ್ಡ ಡಾಕ್ಟರಮ್ಮ ಬಂದು ನೋಡಿ ಬೈದ್ರು: 'ಒಳಗೆ ಕಸ ಎತ್ತೋರು ಬಂದಿದ್ದಾರಪ್ಪ, ಅವರ ಓಡಾಟ ಇದು. ಕೀವು ಗೀವು ಆದ್ರೆ ನಾನು ಹೇಳ್ತೀನಿ. ಅವರ ಕೆಲಸ ಅವರು ಮಾಡ್ಲಿ, ನೀನು ಬಾಯಿ ಮುಚ್ಕೋ.' ಐದಾರು ದಿನಕ್ಕೆ ಊತ ಇಳೀತು. ತಳದಲ್ಲಿ ಕೆಂಪು ಕೆಂಪು ಕಾಳು, ದಾಳಿಂಬೆ ಬಿಡಿಸಿಟ್ಟ ಹಾಗೆ. ಹೊಸ ರಕ್ತನಾಳ ಅಂತೆ ಅವು. ಆಮೇಲೆ ಎರಡೂ ದಡದಿಂದ ತೆಳ್ಳಗೆ ಚರ್ಮ ತೆವಳ್ಕೊಂಡು ಬರೋಕೆ ಶುರುವಾಯ್ತು. ಇಪ್ಪತ್ತೊಂದನೇ ದಿನ ನನ್ನ ಮನೆಗೆ ಕಳಿಸಿದ್ರು. ಚರ್ಮ ಮಾತ್ರ ಕೆಲಸ ಬಿಡಲಿಲ್ಲ. ಒಳಗೊಳಗೇ ನೇಯ್ತಾ, ಬಿಗಿ ಮಾಡ್ತಾ ಇನ್ನೂ ಒಂದು ವರ್ಷ ದುಡೀತು. ಆದ್ರೂ ಮೊದಲಿನಷ್ಟು ಗಟ್ಟಿ ಬರಲಿಲ್ಲ ಅನ್ನು."

ಆ ದೊಡ್ಡ ಡಾಕ್ಟರಮ್ಮನೇ ನರ್ಸಿಂಗ್ ಶಾಲೆ ಕಟ್ಟಿದವರು. ಇಪ್ಪತ್ತೊಂದು ಚೀಟಿ ನೋಡಿದ ಅವರು, "ಬೋರ್ಡ್ ಬರೆದದ್ದು ಸಾಕು, ಬಾ" ಎಂದು ಇವರನ್ನು ಕರೆದುಕೊಂಡರು. ಅವರು ಹೇಳುತ್ತಾ ಹೋದರು, ಇವರು ಮಾಡುತ್ತಾ ಹೋದರು. ಮಾಡೆಲು ಹುಟ್ಟಿತು. ಡಾಕ್ಟರಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರ ಕೈಬರಹದ ನಂಬರ್ ಚೀಟಿಗಳು ಮಾತ್ರ ಮಾಡೆಲಿನ ಮೇಲೆ ಹಾಗೇ ಇದ್ದವು. ಚರ್ಮ ಗುಜರಿಗೆ ಹೋದರೆ ಏನೇನು ಹೋಗುತ್ತದೆ ಎಂದು ನನಗೆ ಅರ್ಥವಾದದ್ದು ಆಗ.

ಎರಡನೇ ಸಂಜೆ ಬಿರುಕಿನ ಅಂಚುಗಳಿಗೆ ನೀರು ಕುಡಿಸಿದೆವು. ಹಳೇ ಪ್ಲಾಸ್ಟರು ಒಣಗಿದ್ದರೆ ಹೊಸದರ ನೀರೆಲ್ಲ ಹೀರಿಬಿಡುತ್ತದೆ, ಆಮೇಲೆ ಅಂಟುವುದಿಲ್ಲ. "ಗಾಯಾನೂ ಅಷ್ಟೇ. ಒಣಗಿಸಿ ಒಣಗಿಸಿ ಹಪ್ಪಳ ಮಾಡಿದ್ರೆ ಹೊಸ ಚರ್ಮ ತೆವಳೋಕೆ ದಾರಿ ಇರಲ್ಲ." ಮೂಳೆ ಮುರಿದವರಿಗೆ ಕಟ್ಟುವ ಪಟ್ಟಿಯನ್ನು ಸಣ್ಣಗೆ ಕತ್ತರಿಸಿ, ನೆನೆಸಿ, ತಳದಿಂದ ಅಡ್ಡಡ್ಡ ಹಾಕಿದೆವು. ದಿನಕ್ಕೆ ಒಂದು ಸಾಲು. ಒಣಗದೆ ಇನ್ನೊಂದಿಲ್ಲ. ನಾನು ಚಡಪಡಿಸಿದರೆ, "ಚರ್ಮಕ್ಕೆ ಇಲ್ಲದ ಅವಸರ ನಿನಗ್ಯಾಕೆ?" ಎನ್ನುವರು.

ಒಂದು ಸಂಜೆ ಅವರ ಹೆಂಡತಿ ಬಂದರು. ಗಂಡನನ್ನು ಅಣ್ಣ ಎಂದ ಮೇಲೆ ಹೆಂಡತಿ ಅತ್ತಿಗೆ ಆಗಲೇಬೇಕಲ್ಲ. ಅತ್ತಿಗೆ ಟಿಫಿನ್ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ನನ್ನ ಕಡೆ ತಿರುಗಿದರು.

"ನೋಡಮ್ಮ, ಇಪ್ಪತ್ತು ವರ್ಷದಿಂದ ಈ ಸವತಿ ಮೈಗೆ ಬಣ್ಣ ಹಚ್ಚಿದ್ದೇ ಹಚ್ಚಿದ್ದು. ಮನೆ ಬಾಗಿಲಿಗೆ ಒಂದು ಕೋಟ್ ಹೊಡೀರಿ ಅಂದ್ರೆ ಬ್ರಷ್ ಸವೆದಿದೆ ಅಂತಾರೆ."

"ಬಾಗಿಲು ತಿಂಗಳು ತಿಂಗಳು ಉದುರುತ್ತೇನೇ?"

"ನನ್ನ ಕೂದಲು ಉದುರ್ತಿದೆ, ಅದಕ್ಕೇನು ಮಾಡ್ತೀರಿ?"

"ಛತ್ರಿ ತಗೊಂಡು ಬಾ."

ಅತ್ತಿಗೆ ನಗದೆ ಇರಲು ಬಹಳ ಪ್ರಯತ್ನ ಪಟ್ಟರು. ಹೊರಡುವಾಗ ಬಿರುಕಿನತ್ತ ಬಗ್ಗಿ ನೋಡಿ, ದನಿ ತಗ್ಗಿಸಿ ಕೇಳಿದರು: "ಕೂಡ್ಕೊಳ್ಳುತ್ತೇನ್ರೀ?"

ಹನ್ನೊಂದನೇ ಸಂಜೆಗೆ ಕೂಡಿಕೊಂಡಿತು. ಮೇಲೆ ಒಂದು ಉಬ್ಬಿದ ಗೆರೆ, ಹೊಳೆಯುವ ಗುಲಾಬಿಗೆಂಪು. ಅದರ ಮೇಲೆ ಬೆವರಿನ ರಂಧ್ರವಿಲ್ಲ, ಕೂದಲಿಲ್ಲ. ಕಿತ್ತು ಬಂದಿದ್ದ ಆರು ಕಡ್ಡಿಗಳನ್ನು ಅವರು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟುಬಿಟ್ಟಿದ್ದರು. ಪ್ರಿನ್ಸಿಪಾಲರು ಪರಿಶೀಲನೆಗೆ ಬಂದರು.

"ಏನ್ರೀ ಇದು, ಜರಿಹುಳ ಮಲಗಿದ ಹಾಗೆ?"

"ಗಾಯ ವಾಸಿಯಾದ ಕಲೆ ಸಾರ್."

"ಹೊಸದರ ಹಾಗೆ ಆಗಬೇಕು ಅಂದಿದ್ದೆ!"

"ಕೆಳಗಿನ ಅಂತಸ್ತಿಗೆ ಇಳಿದ ಗಾಯ ಹೊಸದರ ಹಾಗೆ ಆಗಲ್ಲ ಸಾರ್. ತೇಪೆ ಹಾಕ್ಕೊಳ್ಳುತ್ತೆ."

"ಕೂದಲೆಲ್ಲಿ? ಗಮನಿಸಿ! ಎಲ್ಲಾ ಕಡೆ ಕೂದಲಿದೆ, ನಡುವೆ ಬೋಳು. ನೋಡಿದವರು ನಗಲ್ವೇನ್ರೀ?"

"ಕಲೆ ಮೇಲೆ ಕೂದಲು ಹುಟ್ಟಲ್ಲ ಸಾರ್. ಬುಡವೇ ಹೋಗಿರುತ್ತೆ. ಬುಡ ಹೋದ ಮೇಲೆ ಮೇಲೆ ಏನು ಹಚ್ಚಿದ್ರೂ..."

ಪ್ರಿನ್ಸಿಪಾಲರ ಕೈ ತಾನಾಗಿಯೇ ತಲೆಗೆ ಹೋಯಿತು. ಚರ್ಮದಣ್ಣ ಆ ಮಾತನ್ನು ಅವರ ತಲೆಗೆ ಗುರಿಯಿಟ್ಟು ಆಡಿರಲಿಲ್ಲ ಎಂದು ನಾನು ಆಣೆ ಇಟ್ಟು ಹೇಳಬಲ್ಲೆ. ಆದರೆ ಕೆಲಸ ಕೆಟ್ಟಿತ್ತು.

"ನಾಳೆ ಬೆಳಗ್ಗೆ ಇಲ್ಲಿ ಕೂದಲು ಇರಬೇಕು!"

"ಬೇಕಾದ್ರೆ ಗೇಟಿಗೆ ಹೋಗ್ತೀನಿ ಸಾರ್. ಹುಟ್ಟದ ಜಾಗದಲ್ಲಿ ನೆಡಲ್ಲ. ಮಕ್ಕಳು ಅದನ್ನೇ ಕಲಿತು ವಾರ್ಡಿಗೆ ಹೋಗ್ತಾರೆ."

ಅವರು ಮೇಲಿನವರಿಗೆ ಇಲ್ಲ ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ದನಿ ಏರಲಿಲ್ಲ, ಕಿವಿಯ ಹಿಂದಿನ ಬ್ರಷ್ಷು ಮಾತ್ರ ಅಲ್ಲಾಡುತ್ತಿತ್ತು.

ಮಾರನೇ ದಿನ ಮೌಖಿಕ ಪರೀಕ್ಷೆ. ಹೊರಗಿನ ಪರೀಕ್ಷಕರು ದಪ್ಪ ಕನ್ನಡಕದ ಮುದುಕರು, ಮುಂದಿನ ವರ್ಷ ನಿವೃತ್ತಿಯಂತೆ. ನನ್ನ ಸರದಿ ಬಂದಾಗ ಒಳಗೆ ಹೋದೆ. ಬಾಗಿಲ ಪಕ್ಕ ಚರ್ಮದಣ್ಣ ನಿಂತಿದ್ದರು, ಮುಖದಲ್ಲಿ ಕಳೆ ಇಲ್ಲ. ಮಾಡೆಲು ನೋಡಿದೆ. ಕೆಂಪು ಗೆರೆಯ ನಟ್ಟನಡುವೆ ಎರಡು ಕೂದಲು ಎದ್ದು ನಿಂತಿದ್ದವು. ಉಳಿದವೆಲ್ಲ ಕಪ್ಪು, ಇವೆರಡು ಫಳಫಳ ಹೊಳೆಯುವ ಸ್ಟೀಲು. ಪ್ರಿನ್ಸಿಪಾಲರ ಕುರ್ಚಿಗೆ ಒರಗಿಸಿದ್ದ ಅವರ ಛತ್ರಿಯ ಒಂದು ಮಗ್ಗುಲು ರೆಕ್ಕೆ ಮುರಿದ ಕೋಳಿಯ ಹಾಗೆ ಜೋತುಬಿದ್ದಿತ್ತು. ಬೆಳಗ್ಗೆ ಯಾರೂ ಇಲ್ಲದಾಗ ಬಂದು ಪ್ರಿನ್ಸಿಪಾಲರೇ ನೆಟ್ಟಿದ್ದರು.

ಪರೀಕ್ಷಕರು ಪೆನ್ಸಿಲಿನಿಂದ ಆ ಗೆರೆಯನ್ನೇ ತೋರಿಸಿದರು. "ಇದೇನಮ್ಮ? ನಂಬರ್ ಇಲ್ಲವಲ್ಲ ಇದಕ್ಕೆ."

"ಗಾಯ ವಾಸಿಯಾದ ಕಲೆ ಸಾರ್."

"ಓಹೋ. ಹೇಗೆ ವಾಸಿಯಾಯ್ತು, ಹೇಳು ನೋಡೋಣ."

ಹೇಳಿದೆ. ಜೇಡರ ಬಲೆಯಿಂದ ದಾಳಿಂಬೆಯವರೆಗೆ, ದಡದಿಂದ ತೆವಳುವ ಚರ್ಮದವರೆಗೆ. ಪುಸ್ತಕದ ಪದಗಳು ಅಲ್ಲೊಂದು ಇಲ್ಲೊಂದು, ಉಳಿದದ್ದೆಲ್ಲ ಚರ್ಮದಣ್ಣನದು. ಮುದುಕರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

"ಸರಿ. ಮತ್ತೆ ಇವೆರಡು ಕೂದಲು?"

ಪ್ರಿನ್ಸಿಪಾಲರು ಕೆಮ್ಮಿದರು. ಆ ಕೆಮ್ಮಿನಲ್ಲಿ ನನ್ನ ಅಂಕಪಟ್ಟಿ ಪೂರ್ತಿ ಕೇಳಿಸಿತು. ನಾನು ಬಾಗಿಲ ಕಡೆ ನೋಡಿದೆ. ಚರ್ಮದಣ್ಣ ಬೇಡ ಎಂಬಂತೆ ಸಣ್ಣಗೆ ತಲೆ ಆಡಿಸಿದರು.

"ಅವು ಕೂದಲಲ್ಲ ಸಾರ್. ಕಲೆ ಮೇಲೆ ಕೂದಲು ಹುಟ್ಟಲ್ಲ. ಹೊರಗಿನಿಂದ ಬಂದು ಸೇರಿಕೊಂಡಿರೋ ವಸ್ತು."

"ಗಾಯದಲ್ಲಿ ಹೊರಗಿನ ವಸ್ತು ಕಂಡರೆ ನರ್ಸ್ ಏನು ಮಾಡಬೇಕು?"

"ಡಾಕ್ಟರನ್ನ ಕೇಳಿ ತೆಗೀಬೇಕು ಸಾರ್."

"ನಾನು ಡಾಕ್ಟರೇ. ತೆಗಿ."

ತೆಗೆದೆ. ಎರಡೂ ಕಡ್ಡಿಗಳನ್ನು ಟ್ರೇಯಲ್ಲಿ ಇಟ್ಟೆ. ಟಣ್ ಟಣ್ ಎಂದವು. ಮುದುಕರು ಟ್ರೇ ನೋಡಿದರು, ಕುರ್ಚಿಯ ಪಕ್ಕದ ಛತ್ರಿ ನೋಡಿದರು. ಕರ್ಚೀಫಿನಿಂದ ಬಾಯಿ ಒರೆಸಿಕೊಂಡರು, ಸ್ವಲ್ಪ ಹೆಚ್ಚು ಹೊತ್ತೇ.

"ಕೊನೇ ಪ್ರಶ್ನೆ. ಈ ಗಾಯ ಆಗಿದ್ದು ಹೇಗೆ?"

ಹನ್ನೆರಡು ದಿನದಿಂದ ಸಿಗದಿದ್ದ ವಾಕ್ಯ ಆಗ ಸಿಕ್ಕಿತು. "ನಾನು ಬೀಳಿಸಿದೆ ಸಾರ್. ಅಟೆಂಡರ್ ಅಣ್ಣ ತಾನು ಬೀಳಿಸಿದೆ ಅಂತ ಸುಳ್ಳು ಹೇಳಿದ್ರು. ಸರಿ ಮಾಡಿದ್ದು ಅವರು."

ಮುದುಕರು ಬಾಗಿಲತ್ತ ನೋಡಿ, "ಬಾಪ್ಪ ಇಲ್ಲಿ. ಇದಕ್ಕೊಂದು ನಂಬರ್ ಚೀಟಿ ಅಂಟಿಸು" ಎಂದರು. ತಮ್ಮ ವರದಿಯಲ್ಲಿ, ಗಾಯ ಮಾಯುವ ಬಗೆಯನ್ನು ಇಷ್ಟು ಚೆನ್ನಾಗಿ ತೋರಿಸುವ ಮಾಡೆಲು ಬೇರೆಲ್ಲೂ ನೋಡಿಲ್ಲ, ಇದನ್ನೂ ಇದನ್ನು ನೋಡಿಕೊಳ್ಳುವವರನ್ನೂ ಕದಲಿಸಬಾರದು ಎಂದು ಬರೆದರು. ಪ್ರಿನ್ಸಿಪಾಲರು ಆ ಸಾಲನ್ನು ಟೈಪು ಮಾಡಿಸಿ, ಚೌಕಟ್ಟು ಹಾಕಿಸಿ, ತಮ್ಮ ಕೋಣೆಯಲ್ಲಿ ತೂಗುಹಾಕಿದರು. ಮುಂದೆ ಯಾರೇ ಅತಿಥಿಗಳು ಬಂದರೂ "ಗಮನಿಸಿ! ಇದು ನಮ್ಮದೇ ಕಲ್ಪನೆ" ಎನ್ನುವರು. ನನ್ನನ್ನು ಕಷ್ಟಪಟ್ಟು ಪಾಸು ಮಾಡಿ, ತಿಂಗಳಿಡೀ ಲ್ಯಾಬಿನ ಬಾಟಲಿ ತೊಳೆಸಿದರು. ಮೊದಲ ಮಳೆಗೆ ಆ ಛತ್ರಿ ಹಿಡಿದು, ಒಂದು ಭುಜ ನೆನೆಸಿಕೊಂಡು ಹೋದದ್ದನ್ನು ಇಡೀ ಹಾಸ್ಟೆಲು ಕಿಟಕಿಯಿಂದ ನೋಡಿತು. ಅಣಕಿಸಲು ನನಗೆ ಯಾಕೋ ಮನಸ್ಸಾಗಲಿಲ್ಲ.

ಮೊನ್ನೆ ಹೊಸ ಬ್ಯಾಚಿಗೆ ನಾಲ್ಕು ಮಾತು ಹೇಳಲು ಕರೆದಿದ್ದರು. ಈಗ ನಾನೂ ಹಿರಿಯ ನರ್ಸು, ನನ್ನನ್ನು ಅಣಕಿಸುವ ಹುಡುಗಿಯರು ನಾಲ್ಕಾರು ಮಂದಿಯಾದರೂ ಇರಬೇಕು. ಚರ್ಮದಣ್ಣ ಪೂರ್ತಿ ಎಂಟು ವರ್ಷ ಆ ಕೋಣೆಯಲ್ಲೇ ಇದ್ದು ನಿವೃತ್ತರಾದರು. ಅತ್ತಿಗೆಯ ಬಾಗಿಲಿಗೆ ಎರಡು ಕೋಟ್ ಹೊಡೆದು, ಕೆಲವು ವರ್ಷದ ಹಿಂದೆ ತೀರಿಕೊಂಡರು. ಮಾಡೆಲ್ ರೂಮಿನಲ್ಲಿ ಈಗ ಗೋಡೆಯಗಲದ ಪರದೆ. ಬೆರಳಿಟ್ಟರೆ ಚರ್ಮ ತಿರುಗುತ್ತದೆ. ಹಳೆಯದು ಮೂಲೆಯಲ್ಲಿತ್ತು.

ಬಗ್ಗಿ ಗಾಯ ಹುಡುಕಿದೆ. ಎಲ್ಲೂ ಕಾಣಲಿಲ್ಲ. ಯಾರೋ ಕೊನೆಗೂ ಬಣ್ಣ ಬಳಿದು ಮುಚ್ಚಿಬಿಟ್ಟರು ಎಂದು ಸಂಕಟವಾಯಿತು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಇತ್ತು. ಕೂದಲುಗಳ ನಡುವೆ ಒಂದು ತೆಳು ಬೆಳ್ಳಿಗೆರೆ, ಉಬ್ಬು ಇಳಿದು ಸಮತಟ್ಟಾಗಿ. ಆಗ ಹೊಳೆಯಿತು: ಚರ್ಮದಣ್ಣ ಪ್ರತಿ ಬೇಸಿಗೆಯಲ್ಲೂ ಹೊಸ ಬಣ್ಣ ಬಳಿಯುವಾಗ ಆ ಗೆರೆಯನ್ನು ಸ್ವಲ್ಪ ಉಜ್ಜಿ, ಅದರ ಬಣ್ಣಕ್ಕೆ ಒಂದೊಂದು ಚಮಚ ಬಿಳಿ ಹೆಚ್ಚಿಗೆ ಬೆರೆಸುತ್ತಾ ಬಂದಿದ್ದರು. ಕೆಂಪು, ಗುಲಾಬಿ, ತಿಳಿಗುಲಾಬಿ, ಕೊನೆಗೆ ಬಿಳಿ. ತಮ್ಮ ತೋಳಿನ ಕಲೆ ಮಾಗಿದ ಹಾಗೇ ಅದನ್ನೂ ಎಂಟು ವರ್ಷ ಕೂತು ಮಾಗಿಸಿದ್ದರು.

ಮುಟ್ಟಲು ಕೈ ಚಾಚಿದೆ.

"ಮೇಡಂ, ದಯವಿಟ್ಟು ಮುಟ್ಟಬೇಡಿ" ಎಂದಳು ಚಿಕ್ಕ ವಯಸ್ಸಿನ ಟೀಚರು. "ತುಂಬಾ ಹಳೇದು, ಬಿದ್ದುಗಿದ್ದು ಹೋದ್ರೆ ಕಷ್ಟ."

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತೆ.